ಗ್ರಾಂ, ಕಿಲೋ ಕಲಿಸಲು ಯಾವ ತಕ್ಕಡಿ ಕೊಳ್ಳಬೇಕು?
ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಅಗ್ಗ, ಜೇಬಿನಲ್ಲೂ ಹಿಡಿಸುತ್ತದೆ. ಮಿತಿ ಮೀರಿ ಭಾರ ತೂಗುಹಾಕಿದರೆ ಮಾತ್ರ ಸ್ಪ್ರಿಂಗ್ ಹಿಗ್ಗಿಹೋಗಿ ಮುಳ್ಳು ಸೊನ್ನೆಗೆ ಮರಳುವುದಿಲ್ಲ. ಚೀಲದ ಅಂದಾಜು ತೂಕಕ್ಕೆ ಸಾಕು.

ಮಕ್ಕಳಿಗೆ ದ್ರವ್ಯರಾಶಿ ಅರ್ಥವಾಗಬೇಕಾದರೆ ಎರಡು ತಟ್ಟೆಯ ತಕ್ಕಡಿಯೇ ಒಳ್ಳೆಯದು. ಒಂದು ಕಡೆ ಕಡಲೆಕಾಯಿ, ಇನ್ನೊಂದು ಕಡೆ 200 ಮತ್ತು 50 ಗ್ರಾಂ ಬಟ್ಟು. ಸಮವಾದಾಗ ಕಾಲು ಕಿಲೋ ಎಂಬುದು ಕಣ್ಣಿಗೇ ಕಾಣುತ್ತದೆ. ಕೊಳ್ಳುವಾಗ ಎರಡೂ ಕಡೆಯದನ್ನು ಅದಲುಬದಲು ಮಾಡಿ ನೋಡಿ: ಆಗಲೂ ಸಮವಿದ್ದರೆ ತೋಳುಗಳು ಸರಿಯಿವೆ.

ಬ್ರೆಡ್ಡಿಗೆ 7 ಗ್ರಾಂ ಯೀಸ್ಟ್ ಬೇಕೆಂದರೆ ಡಿಜಿಟಲ್ಲೇ ಬೇಕು. ಅದು ಸರಿಯಿದೆಯೇ ಎಂದು ನೋಡಲು ಪಾತ್ರೆ ಇಟ್ಟು ಟೇರ್ (ಪಾತ್ರೆಯ ತೂಕ ಬಿಟ್ಟು ಅಂಕಿಯನ್ನು ಸೊನ್ನೆ ಮಾಡುವ ಗುಂಡಿ) ಒತ್ತಿ, ಒಂದು ಲೀಟರ್ ನೀರು ಸುರಿಯಿರಿ. ಸುಮಾರು 1000 ಗ್ರಾಂ ತೋರಿಸಬೇಕು. ಫ್ಯಾನ್ ಗಾಳಿ, ಓರೆ ಕಟ್ಟೆ, ಸೋತ ಸೆಲ್ ಮೂರೂ ಅಂಕಿಯನ್ನು ಕೆಡಿಸುತ್ತವೆ.

ವ್ಯಾಪಾರಕ್ಕಾದರೆ ಯಾವುದೇ ಇರಲಿ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಕಡ್ಡಾಯ.