ರೋಡ್‌ಕಿಂಗ್‌ಗೆ ಮೂರು ಥರದ ಸೈಲೆನ್ಸರ್ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಹಳೇ ಸೈಲೆನ್ಸರಿಗೆ. ಇದು ತಿಳಿಯುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು, ಏಳೆಂಟು ಸಾವಿರ ಕೈಬಿಟ್ಟಿತ್ತು, ಬ್ಯಾರಲ್‌ನ (ಇಂಜಿನ್ ಸಿಲಿಂಡರಿನ) ಒಂದು ಥ್ರೆಡ್, ಅಂದರೆ ನಟ್ ಕೂರುವ ತಿರುಪಿನ ಹಲ್ಲು, ಪೂರ್ತಿ ಸವೆದುಹೋಗಿತ್ತು.

ಗಾಡಿ 1986ರ ಬೈಕು, ಯೆಜ್ಡಿ ರೋಡ್‌ಕಿಂಗ್. ನಮ್ಮ ಭಾವ ಹದಿನೈದು ವರ್ಷ ಓಡಿಸಿ ಶೆಡ್ಡಿನಲ್ಲಿ ನಿಲ್ಲಿಸಿದ್ದು. ನಾನಿರುವುದು ಮೈಸೂರು. ಗಾಡಿ ಹುಟ್ಟಿದ್ದೂ ಇಲ್ಲೇ, ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ. 1996ರಲ್ಲಿ ಅದು ಬಾಗಿಲು ಹಾಕಿತು, ಹಾಗಾಗಿ ಈಗ ಕಂಪನಿ ಸೈಲೆನ್ಸರ್ ಯಾರ ಅಟ್ಟದಲ್ಲಾದರೂ ಸಿಕ್ಕರೆ ನಿಮ್ಮ ಪುಣ್ಯ. ಅದೂ ಒಂದಲ್ಲ, ಎರಡು ಬೇಕು. ಇರುವುದು ಒಂದೇ ಸಿಲಿಂಡರ್, ಆದರೆ ಹೊಗೆ ಹೋಗುವ ದಾರಿ ಎರಡು.

ತೊಂದರೆ ಶುರುವಾಗಿದ್ದು ಚಾಮುಂಡಿ ಬೆಟ್ಟದಲ್ಲಿ. ಮೂರನೇ ಗೇರಲ್ಲಿ ಹತ್ತಬೇಕಾದ ಗಾಡಿ ಎರಡಕ್ಕೆ ಇಳಿಸಿದರೂ ಏದುಸಿರು ಬಿಡುತ್ತಿತ್ತು. ಕಾರ್ಬುರೇಟರ್ ಬಿಚ್ಚಿದೆ, ಪ್ಲಗ್ ಬದಲಿಸಿದೆ, ಪಿಸ್ಟನ್ ರಿಂಗ್ ಹೋಗಿದೆ ಅಂತ ಒಬ್ಬರು ಹೆದರಿಸಿದರು. ಕೊನೆಗೆ ಸೈಲೆನ್ಸರ್ ಹಿಂದೆ ಕೈ ಹಿಡಿದು ನೋಡಿದರೆ ಒಂದು ಕಡೆ ಗಾಳಿಯೇ ಸರಿಯಾಗಿ ಬರುತ್ತಿಲ್ಲ. ಒಳಗೆ ಮಸಿ ಕಟ್ಟಿ ಮುಚ್ಚಿಹೋಗಿತ್ತು. ಇದು ಟೂ ಸ್ಟ್ರೋಕ್, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಲೀಟರಿಗೆ 40 ಎಂಎಲ್ ಆಯಿಲ್ ಸಾಕಾಗುವ ಗಾಡಿಗೆ ನಮ್ಮ ಭಾವ 'ಇಂಜಿನ್‌ಗೆ ಒಳ್ಳೇದು ಕಣೋ' ಅಂತ ಜಾಸ್ತಿಯೇ ಸುರಿಯುತ್ತಿದ್ದರು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಬ್ಯಾಫಲ್ (ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ತೂತುಗಳ ಕೊಳವೆ) ಕಿತ್ತು ಪಕ್ಕಕ್ಕಿಟ್ಟು, ಬರೀ ಖಾಲಿ ಪೈಪಿನಲ್ಲಿ ಓಡಿಸಿದೆ. ಖರ್ಚು ಸೊನ್ನೆ. ಮೊದಲ ದಿನ ಏನು ಖುಷಿ ಅಂತೀರಿ! ಎರಡನೇ ದಿನ ಗೊತ್ತಾಯಿತು, ಸದ್ದು ಮಾತ್ರ ಓಡುತ್ತಿದೆ, ಗಾಡಿ ಅಲ್ಲ. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವುದು, ಹೊಸ ಪೆಟ್ರೋಲ್ ಒಳಗೆ ಬರುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಸೈಲೆನ್ಸರ್ ಕಡೆಯಿಂದ ವಾಪಸ್ ಬರುವ ಒತ್ತಡವೇ ಹೊಸ ಪೆಟ್ರೋಲ್ ಹಾಗೇ ಆಚೆ ಹೋಗದಂತೆ ತಡೆಯುವುದು. ಅದನ್ನು ತೆಗೆದರೆ ಕಡಿಮೆ ವೇಗದಲ್ಲಿನ ಎಳೆತ ಹೋಯಿತು, ಮೈಲೇಜೂ ಹೋಯಿತು. ಜೊತೆಗೆ ಹಿಂದಿನ ಮಡ್‌ಗಾರ್ಡ್ ಮೇಲೆಲ್ಲ ಕರಿ ಎಣ್ಣೆ ಚುಕ್ಕಿ. ಪೊಲೀಸ್ ಕೈಗೆ ಸಿಕ್ಕರೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಹತ್ತು ಸಾವಿರದವರೆಗೂ ದಂಡ ಇದೆ, ಆ ದುಡ್ಡಿಗೆ ಇಂಜಿನ್ ಕೆಲಸವೇ ಮಾಡಿಸಬಹುದು. ಒಂಬತ್ತು ದಿನಕ್ಕೆ ಬ್ಯಾಫಲ್ ವಾಪಸ್ ಹೋಯಿತು.

ಆಮೇಲೆ ಹೊಸ ಜೋಡಿ ತಂದೆ. ಈಗ ಯಾರೋ ಹಳೇ ಮಾದರಿ ನೋಡಿಕೊಂಡು ಮಾಡುವ ಸೈಲೆನ್ಸರ್‌ಗಳು, ಜೋಡಿಗೆ ನಾಲ್ಕೂವರೆ ಸಾವಿರ ಕೊಟ್ಟೆ. ಅಂಗಡಿಯಲ್ಲಿ ಕನ್ನಡಿ ಥರ ಹೊಳೆಯುತ್ತಿದ್ದವು. ಸದ್ದು ಸ್ವಲ್ಪ ತಗಡಿನ ಡಬ್ಬದ ಥರ, ಅದಕ್ಕೂ ಹೊಂದಿಕೊಳ್ಳಬಹುದಿತ್ತು. ಒಂದು ಮಳೆಗಾಲಕ್ಕೆ ಕೆಳಗಡೆ ತುಕ್ಕು ಬಂತು, ಹೋಗಲಿ ಅಂದುಕೊಂಡೆ. ನನ್ನ ಜೀವ ತಿಂದಿದ್ದು ಹಿಂದಿನ ಬ್ರಾಕೆಟ್.

ಎಡಗಡೆಯ ತೂತು ಫ್ರೇಮಿನ ತೂತಿಗೆ ಸುಮಾರು ಅರ್ಧ ಇಂಚು ಆಚೆ ಇತ್ತು. ಮೆಕ್ಯಾನಿಕ್ ಸೈಲೆನ್ಸರನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಬೋಲ್ಟ್ ತೂರಿಸಿ, 'ಸ್ವಲ್ಪ ಎಳೆದು ಹಾಕಿದ್ದೀನಿ ಸಾರ್, ಓಡ್ತಾ ಓಡ್ತಾ ಕೂತ್ಕೊಳುತ್ತೆ' ಅಂದರು. ನಾನೂ ತಲೆಯಾಡಿಸಿ ಬಂದೆ. ಈ ಗಾಡಿಯಲ್ಲಿ ಬೆಂಡ್ ಪೈಪನ್ನು (ಇಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬಾಗಿದ ಪೈಪು) ಬ್ಯಾರಲ್‌ಗೆ ಹಿಡಿದಿಡುವುದು ಬೋಲ್ಟ್ ಅಲ್ಲ, ಒಂದು ದೊಡ್ಡ ರಿಂಗ್ ನಟ್. ಹಿಂದೆ ಎಳೆದು ಕಟ್ಟಿದರೆ ಪೈಪು ಸದಾ ಒಂದು ಕಡೆಗೆ ತಿವಿಯುತ್ತಿರುತ್ತದೆ, ಆ ಬಲವೆಲ್ಲ ಈ ರಿಂಗಿನ ಮೇಲೆ. ಮೇಲಿಂದ ಇಂಜಿನ್ ನಡುಕ. ನಾಲ್ಕು ದಿನಕ್ಕೆ ರಿಂಗ್ ಸಡಿಲ, ಬ್ಯಾರಲ್ ಮೇಲೆ ಕರಿ ಜೊಲ್ಲು, ಆಕ್ಸಿಲರೇಟರ್ ಬಿಟ್ಟರೆ ಪಟ್ ಪಟ್ ಸದ್ದು. ಬಿಗಿ ಮಾಡಿದೆ. ಮತ್ತೆ ನಾಲ್ಕು ದಿನ. ಪ್ಯಾಕಿಂಗ್ ಬದಲಿಸಿದೆ, ತಾಮ್ರದ ವಾಷರ್ ಹಾಕಿದೆ, ಒಂದು ಸಲ ಸಿಟ್ಟಿನಲ್ಲಿ ತಂತಿಯನ್ನೂ ಕಟ್ಟಿದೆ.

ಅದರಲ್ಲೂ ಆ ಮೆಕ್ಯಾನಿಕ್ ಹತ್ತಿರ ಸಿ ಸ್ಪ್ಯಾನರ್ (ರಿಂಗಿನ ಕಚ್ಚಿಗೆ ಸಿಕ್ಕಿಸಿ ತಿರುಗಿಸುವ ಕೊಕ್ಕೆ ಸ್ಪ್ಯಾನರ್) ಇರಲಿಲ್ಲ. ಚಾಣ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವುದು. ಹಾಗೆ ಹೊಡೆದೂ ಹೊಡೆದೂ ರಿಂಗಿನ ಕಚ್ಚುಗಳು ಚಪ್ಪಟೆಯಾದವು, ಸಡಿಲ ರಿಂಗ್ ಅಲ್ಲಾಡಿ ಅಲ್ಲಾಡಿ ಬ್ಯಾರಲ್‌ನ ಥ್ರೆಡ್ ತಿಂದಿತು. ಒಂದು ಭಾನುವಾರ ಹುಣಸೂರು ರಸ್ತೆಯಲ್ಲಿ, ಬಿಳಿಕೆರೆ ದಾಟಿ ಹೋಗುತ್ತಿರುವಾಗ, ಎಡಗಾಲಿನ ಹತ್ತಿರ ಬಾಂಬ್ ಸಿಡಿದಂಗಾಯಿತು. ನೋಡಿದರೆ ರಿಂಗ್ ಕಳಚಿಕೊಂಡು ಪೈಪಿನ ಮೇಲೆ ಕುಣಿಯುತ್ತಿದೆ. ಬಟ್ಟೆ ಸುತ್ತಿಕೊಂಡು ಮುಟ್ಟಿದರೂ ಬೆರಳು ಸುಟ್ಟಿತು. ಬ್ಯಾರಲ್ ಕಳಚಿ ಲೇತ್‌ಗೆ ಕೊಟ್ಟು, ವೆಲ್ಡ್ ತುಂಬಿಸಿ ಹೊಸ ಥ್ರೆಡ್ ಕೊಯ್ಯಿಸಲು ಎರಡು ಸಾವಿರದ ಎಂಟುನೂರು. ಎರಕದ ಕಬ್ಬಿಣಕ್ಕೆ ವೆಲ್ಡ್ ಮಾಡಲು ಎಲ್ಲರೂ ಒಪ್ಪುವುದಿಲ್ಲ, ಮೂರು ಕಡೆ ಅಲೆದೆ.

ಬ್ಯಾರಲ್ ಲೇತ್‌ನಲ್ಲಿದ್ದ ವಾರದಲ್ಲೇ ಹಳೇ ಸೈಲೆನ್ಸರ್ ತೊಳೆದದ್ದು, ಬೇರೆ ಕೆಲಸ ಇರಲಿಲ್ಲ. ಒಂದು ಕೇಜಿ ಕಾಸ್ಟಿಕ್ ಸೋಡ ತಂದೆ. ಹಿಂದಿನ ತುದಿಗೆ ಮರದ ಬಿರಡೆ ಬಡಿದು, ಸೈಲೆನ್ಸರನ್ನು ಗೋಡೆಗೆ ನೆಟ್ಟಗೆ ಒರಗಿಸಿ, ಮೇಲಿನಿಂದ ಸೋಡ ನೀರು ತುಂಬಿ ಒಂದು ರಾತ್ರಿ ಬಿಟ್ಟೆ. ಮೇಲಿನ ಬಾಯಿ ಮುಚ್ಚಬೇಡಿ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಸೋಡ ಸ್ವಲ್ಪ ಸ್ವಲ್ಪವೇ. ಉಲ್ಟಾ ಮಾಡಿದರೆ ಕುದ್ದು ಮುಖಕ್ಕೇ ಹಾರುತ್ತದೆ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಅದರಲ್ಲಿ ಜಿಪುಣತನ ಬೇಡ. ಅಲ್ಯೂಮಿನಿಯಂ ಪಾತ್ರೆ ಹತ್ತಿರಕ್ಕೂ ತರಬೇಡಿ, ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಬೆಳಿಗ್ಗೆ ಬಿರಡೆ ತೆಗೆದರೆ ಡಾಂಬರಿನಂಥ ನೀರು ಬಂತು. ಮತ್ತೊಂದು ರಾತ್ರಿ ಅದೇ ಕೆಲಸ. ಆಮೇಲೆ ಹಳೇ ಸೈಕಲ್ ಚೈನ್ ಒಳಗೆ ಬಿಟ್ಟು ಕುಲುಕಿದೆ, ಅಂಗೈಯಗಲದ ಮಸಿ ಹಪ್ಪಳಗಳು ಉದುರಿದವು. ಬ್ಯಾಫಲ್‌ನ ತೂತುಗಳನ್ನು ಮೊಳೆಯಲ್ಲಿ ಒಂದೊಂದಾಗಿ ಬಿಡಿಸಿದೆ. ಖರ್ಚು ಇನ್ನೂರು ರೂಪಾಯಿಯೂ ಆಗಲಿಲ್ಲ.

ಜೋಡಿಸುವಾಗ ಈ ಸಲ ಕ್ರಮ ಬದಲಿಸಿದೆ. ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಮೊದಲು ರಿಂಗನ್ನು ಬರಿಗೈಯಲ್ಲಿ ತಿರುಗುವಷ್ಟು ತಿರುಗಿಸಿ, ಆಮೇಲೆ ಸಿ ಸ್ಪ್ಯಾನರ್. ಹಿಂದಿನ ಬ್ರಾಕೆಟ್ ಕೊನೆಗೆ, ಸಂದು ಉಳಿದರೆ ವಾಷರ್ ತುಂಬಬೇಕು, ಪೈಪು ಎಳೆಯಬಾರದು. ಐದು ನಿಮಿಷ ಇಂಜಿನ್ ಓಡಿಸಿ ಬಿಸಿ ಇರುವಾಗಲೇ ರಿಂಗನ್ನು ಇನ್ನೊಮ್ಮೆ ಬಿಗಿ, 50 ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ. ಅಲ್ಲಿಂದ ಇಲ್ಲಿಯವರೆಗೆ ರಿಂಗ್ ಅಲುಗಿಲ್ಲ. ಹೊಸ ಸೈಲೆನ್ಸರನ್ನೂ ಹೀಗೇ ಹಾಕಿದ್ದರೆ ಇಷ್ಟು ರಾಮಾಯಣ ಆಗುತ್ತಿರಲಿಲ್ಲವೇನೋ. ಆದರೂ ಆ ಡಬ್ಬದ ಸದ್ದು ಹೋಗುತ್ತಿರಲಿಲ್ಲ ಬಿಡಿ.

ನಾನು ಓಡಿಸುವುದು ತಿಂಗಳಿಗೆ ಇನ್ನೂರು ಕಿಲೋಮೀಟರ್, ಭಾನುವಾರ ಬೆಳಿಗ್ಗೆ, ಅಷ್ಟೇ. ಹಳೇ ಸೈಲೆನ್ಸರ್ ಮೇಲೆ ಎರಡು ಕಡೆ ನಗ್ಗು ಇದೆ, ಕ್ರೋಮ್ ಮಂಕಾಗಿದೆ, ನನಗೇನೂ ಬೇಜಾರಿಲ್ಲ. ದಿನಾ ಆಫೀಸಿಗೆ ಓಡಿಸುವವರು, ಎರಡು ರಾತ್ರಿ ಬಕೆಟ್ ಕಾಯಲು ಪುರುಸೊತ್ತಿಲ್ಲದವರು, ಅಥವಾ ಹಳೇದರ ತಗಡೇ ತೂತು ಬಿದ್ದಿರುವವರು ಹೊಸ ಜೋಡಿಯನ್ನೇ ತಗೊಳ್ಳಿ, ಆದರೆ ದುಡ್ಡು ಕೊಡುವ ಮೊದಲು ಗಾಡಿಯನ್ನು ಅಂಗಡಿ ಮುಂದೆ ನಿಲ್ಲಿಸಿ ಬ್ರಾಕೆಟ್ ತೂತು ಹಿಡಿದು ನೋಡಿ. ನನ್ನ ಹೊಸ ಜೋಡಿ ಈಗ ಅಟ್ಟದಲ್ಲಿದೆ. ಕಳೆದ ವಾರ ಭಾವ ಬಂದಿದ್ದರು, ಬೆಟ್ಟಕ್ಕೆ ಒಂದು ರೌಂಡ್ ಹೋಗಿ ಬಂದು, ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಗೆದು, 'ಆಯಿಲ್ ಕಡಿಮೆ ಹಾಕಿದ್ದೀಯಲ್ಲೋ' ಅಂದರು.