ಬಿಎಲ್‌ಡಿಸಿ ಫ್ಯಾನ್ ಹಾಕಿಸಿ ಒಂದು ಬೇಸಿಗೆ ಆಯ್ತು: ಮೋಟರಿಗೆ ಐದು ಸ್ಟಾರ್, ರಿಮೋಟಿಗೆ ಒಂದೂವರೆ

ಬೇಸಿಗೆ ಶುರುವಾಗೋ ಮುಂಚೆ ಮೈಸೂರಿನ ಶಿವರಾಂಪೇಟೆಯ ಒಂದು ಅಂಗಡಿಯಿಂದ ಎರಡು ಬಿಎಲ್‌ಡಿಸಿ ಫ್ಯಾನ್ ತಂದೆವು, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟರಿನ, ಕಮ್ಮಿ ಕರೆಂಟ್ ಎಳೆಯುವ ಸೀಲಿಂಗ್ ಫ್ಯಾನು. ಕುವೆಂಪುನಗರದ ಮನೆಯ ಹಾಲಿಗೆ ಒಂದು, ಅಮ್ಮನ ರೂಮಿಗೆ ಒಂದು. ಕಂಪನಿ ಹೆಸರು ಬೇಡ. ಅಂಗಡಿಯಲ್ಲಿ ನೋಡಿದ ನಾಲ್ಕೈದು ಫ್ಯಾನುಗಳ ರಿಮೋಟೂ ಹೆಚ್ಚುಕಮ್ಮಿ ಒಂದೇ ಥರ ಇದ್ದವು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಹಳೇ ಫ್ಯಾನ್ ಫುಲ್ ಸ್ಪೀಡಿನಲ್ಲಿ 75 ವ್ಯಾಟ್ ಆಸುಪಾಸು ಎಳೆಯುತ್ತಿತ್ತು, ಇದಕ್ಕೆ 30 ಸಾಕು. ದಿನಕ್ಕೆ 12 ಗಂಟೆ ಓಡಿದರೆ ಒಂದೊಂದು ಫ್ಯಾನಿನಿಂದ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿ ಇರೋದ್ರಿಂದ ನಮ್ಮ ಬಿಲ್ ಮೊದಲೂ ಸೊನ್ನೆ, ಈಗಲೂ ಸೊನ್ನೆ. ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಲ್ಲ, ಆ ಭಯ ಈ ಸಲ ಇರಲಿಲ್ಲ. ಕರೆಂಟ್ ಹೋಗಿ ಯುಪಿಎಸ್‌ಗೆ ಬಂದಾಗ ಹಳೇ ಫ್ಯಾನ್ ಗುಂಯ್ ಅನ್ನುತ್ತಿತ್ತು, ಇದು ತೆಪ್ಪಗೆ ತಿರುಗುತ್ತದೆ.

ಇನ್ನು ರಿಮೋಟ್.

ಫ್ಯಾನ್ ಕೂರಿಸಲು ಬಂದ ಎಲೆಕ್ಟ್ರಿಷಿಯನ್ ಮೊದಲು ಮಾಡಿದ ಕೆಲಸ ಗೋಡೆಯ ರೆಗ್ಯುಲೇಟರ್ ಕಿತ್ತದ್ದು. ಈ ಮೋಟರಿಗೆ ಒಂದು ಸಣ್ಣ ಬೋರ್ಡ್ ಇರುತ್ತದೆ, ಎಸಿ ಕರೆಂಟನ್ನು ಡಿಸಿ ಮಾಡಿಕೊಂಡು ಸ್ಪೀಡನ್ನು ಅದೇ ನೋಡಿಕೊಳ್ಳುತ್ತದೆ, ಮಧ್ಯೆ ಹಳೇ ರೆಗ್ಯುಲೇಟರ್ ಕೂತು ವೋಲ್ಟೇಜ್ ಇಳಿಸಿದರೆ ಅದಕ್ಕೆ ಆಗಿಬರಲ್ಲ. ಸರಿ. ಅಮ್ಮನ ರೆಗ್ಯುಲೇಟರಿನಲ್ಲಿ ನಂಬರುಗಳೆಲ್ಲ ಅಳಿಸಿಹೋಗಿದ್ದವು. ಆದರೂ ಅರ್ಧ ರಾತ್ರಿಯಲ್ಲಿ ಚಳಿಯಾದರೆ ಮಲಗಿದಲ್ಲಿಂದಲೇ ಕೈ ಚಾಚಿ, ಕಣ್ಣು ಬಿಡದೆ, ಕಟ್ ಕಟ್ ಅಂತ ಎರಡು ಸಲ ತಿರುಗಿಸಿದರೆ ಮುಗಿಯುತ್ತಿತ್ತು. ಈಗ ಅಲ್ಲಿ ಬರೀ ಬಿಳಿ ಪ್ಲೇಟ್. ಅಮ್ಮನ ಕೈ ಇನ್ನೂ ಮೊದಲು ಅಲ್ಲಿಗೇ ಹೋಗುತ್ತದೆ.

ರಿಮೋಟಿನಲ್ಲಿ ಹನ್ನೊಂದು ಬಟನ್. ಎಲ್ಲ ಒಂದೇ ಸೈಜು, ಒಂದೇ ರಬ್ಬರು, ಕತ್ತಲಲ್ಲಿ ಮುಟ್ಟಿದರೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಟೈಮರಿಗೇ ಮೂರು ಬಟನ್ ಹೋಗಿದೆ, ಅದನ್ನು ನಮ್ಮ ಮನೆಯಲ್ಲಿ ಇವತ್ತಿನವರೆಗೆ ಯಾರೂ ಒತ್ತಿಲ್ಲ. ದಿನಾ ಬೇಕಾಗುವ ಮೈನಸ್ ಬಟನ್ನಿನ ಪಕ್ಕದಲ್ಲೇ ಬೂಸ್ಟ್ ಇಟ್ಟಿದ್ದಾರೆ! ಮೊದಲ ವಾರವೇ ರಾತ್ರಿ ಎರಡು ಗಂಟೆಗೆ ಅಮ್ಮ ಅದನ್ನು ಒತ್ತಿ, ಫ್ಯಾನ್ ಭರ್ ಅಂತ ಎದ್ದು, ಗೋಡೆಯ ಕ್ಯಾಲೆಂಡರ್ ಪಟಪಟ ಹೊಡೆದುಕೊಂಡು, ನಾನು ಎದ್ದು ಓಡಿ ಹೋದೆ. "ಚಳಿ ಅಂತ ಕಮ್ಮಿ ಮಾಡಕ್ ಹೋದ್ರೆ ಇನ್ನೂ ಜೋರಾಯ್ತಲ್ಲೋ, ನಿನ್ ಫ್ಯಾನಿಗೆ ಕಿವಿ ಕೇಳಲ್ವೇನೋ" ಅಂದರು. ಸಾಲದ್ದಕ್ಕೆ ಫ್ಯಾನಿನ ಹೊಟ್ಟೆಯಲ್ಲಿ ಸ್ಪೀಡ್ ತೋರಿಸುವ ನೀಲಿ ಲೈಟು, ಮಲಗಿದವರ ಕಣ್ಣಿಗೇ ನೇರ.

2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯ. ಒಂದು ವ್ಯಾಟಿಗೆ ಎಷ್ಟು ಗಾಳಿ ಬರುತ್ತೆ ಅಂತ ಅಳೆದು ಸ್ಟಾರ್ ಕೊಡುತ್ತಾರೆ. ಎಪ್ಪತ್ತು ದಾಟಿದವರು ಕನ್ನಡಕ ಇಲ್ಲದೆ ಸ್ಪೀಡ್ ಇಳಿಸಬಹುದಾ ಅಂತ ಯಾರೂ ಅಳೆಯಲ್ಲ.

ಮತ್ತೆ ಅಂಗಡಿಗೆ ಹೋಗಿ ಕೇಳಿದೆ. "ಬಿಎಲ್‌ಡಿಸಿಯಲ್ಲೇ ಗೋಡೇಲಿ ತಿರುಗಿಸೋ ಥರದ್ದೂ ಬರುತ್ತೆ ಸಾರ್" ಅಂದರು, ಆರಾಮಾಗಿ. ಅವತ್ತೇ ಯಾಕೆ ತೋರಿಸಲಿಲ್ಲ ಅಂದರೆ, "ರಿಮೋಟ್ ಇಲ್ಲ ಅಂದ್ರೆ ಹಳೇ ಮಾಡೆಲ್ಲಾ ಅಂತಾರೆ ಸಾರ್, ಯಾರೂ ತಗೊಳ್ಳಲ್ಲ." ಏನೂ ಹೇಳೋಕಾಗಲಿಲ್ಲ. ಅವತ್ತು ಕೌಂಟರಿನಲ್ಲಿ ನಿಂತು ಇದರಲ್ಲಿ ಎಷ್ಟೆಲ್ಲ ಬಟನ್ ಇದೆ ಅಂತ ಖುಷಿಪಟ್ಟವನು ನಾನೇ.

ಹಾಲಿನದು ಹಾಗೇ ಇರಲಿ, ಮಕ್ಕಳಿಗೆ ರಿಮೋಟ್ ಅಂದರೆ ಇಷ್ಟ. ವಯಸ್ಸಾದವರ ರೂಮಿಗಾದರೆ ಗೋಡೆಯಲ್ಲಿ ತಿರುಗಿಸುವುದನ್ನೇ ಕೇಳಿ ತಗೊಳ್ಳಿ, ಕೇಳದಿದ್ದರೆ ತೋರಿಸಲ್ಲ. ಒಮ್ಮೆ ಕೂರಿಸಿದ ಫ್ಯಾನನ್ನು ವಾಪಸ್ ತಗೊಳ್ಳಲ್ಲ ಅಂದರು. ಹಾಗಾಗಿ ಅಮ್ಮನ ರಿಮೋಟಿಗೆ ದಾರ ಕಟ್ಟಿ ಮಂಚಕ್ಕೆ ನೇತುಹಾಕಿದ್ದೇನೆ, ಮೈನಸ್ ಬಟನ್ ಮೇಲೆ ಅವರದೇ ಕಲ್ಲಿನ ಬೊಟ್ಟಿನ ಸ್ಟಿಕ್ಕರ್ ಅಂಟಿಸಿದ್ದೇನೆ. ಬೆರಳಿಗೆ ತಕ್ಷಣ ಸಿಗುತ್ತದೆ. ಎರಡು ವಾರಕ್ಕೊಂದು ಸಲ ಸ್ಟಿಕ್ಕರ್ ಬದಲಿಸಬೇಕು, ಅಷ್ಟೇ.