ಮನೆ ಕಂಪ್ಯೂಟರ್‌ಗೆ ಯಾವ ವರ್ಚುವಲ್ ಮಷೀನ್? ನನ್ನ ಓಟು ವರ್ಚುವಲ್‌ಬಾಕ್ಸ್‌ಗೆ

ದಾವಣಗೆರೆಲಿ ಡಿಟಿಪಿ ಮಾಡೋರಿಗೆ ಈ ತಲೆನೋವು ಗೊತ್ತಿರ್ತದೆ, ಹಳೇ ಲಗ್ನಪತ್ರಿಕೆ ಕರಪತ್ರ ಎಲ್ಲಾ ಪೇಜ್‌ಮೇಕರ್ (ಪುಟ ಜೋಡಿಸೋ ಹಳೇ ಸಾಫ್ಟ್‌ವೇರ್) ಫೈಲಲ್ಲಿ, ಅಕ್ಷರ ಹಳೇ ನುಡಿ ಫಾಂಟಲ್ಲಿ, ಎರಡೂ ಸಲೀಸಾಗಿ ಓಡೋದು ಹಳೇ ವಿಂಡೋಸ್ ಎಕ್ಸ್‌ಪಿಲಿ, ಈಗ ಮನೇಲಿರೋದು ವಿಂಡೋಸ್ 11. ನಮ್ಮ ಮಾವಂದು ಇದೇ ಕೆಲಸ. ಅವರ ಹಳೇ ಸಿಸ್ಟಮ್ ಒಂದಿನ ಆನ್ ಆದ್ರೆ ಇನ್ನೊಂದಿನ ಇಲ್ಲ, ಆದ್ರೂ "ಎಸೀಬ್ಯಾಡಪ್ಪ, ಅದ್ರಾಗೆ ನಂದೆಲ್ಲಾ ಐತಿ" ಅಂತಾರೆ. ಸರಿ, ಎಕ್ಸ್‌ಪಿನೇ ಒಂದು ಕಿಟಕಿ ಒಳಗೆ ಕೂರಿಸೋಣ, ಅಂದ್ರೆ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮಷೀನ್) ಮಾಡೋ ಸಾಫ್ಟ್‌ವೇರ್ ಹಾಕೋಣ ಅಂತ ಎಂಟು ಜಿಬಿ ರ‍್ಯಾಮಿನ ಲ್ಯಾಪ್‌ಟಾಪಲ್ಲಿ ಒಂದೊಂದೇ ಹಾಕಿ ನೋಡ್ದೆ.

ಹೈಪರ್-ವಿ ವಿಂಡೋಸ್ ಜೊತೆಗೇ ಬರ್ತದೆ, ಆದ್ರೆ ಪ್ರೋ, ಎಂಟರ್‌ಪ್ರೈಸ್, ಎಜುಕೇಷನ್ ಎಡಿಷನ್ ಇರೋರಿಗೆ ಮಾತ್ರ. ಅಂಗಡಿಯಿಂದ ತರೋ ಲ್ಯಾಪ್‌ಟಾಪಲ್ಲಿ ಬಹುತೇಕ ಹೋಮ್ ಎಡಿಷನ್ನೇ ಇರೋದು, ಹಂಗಾಗಿ ಅದರ ಮಾತು ಇಲ್ಲಿಗೇ ಬಿಡ್ರಿ.

ವಿಎಂವೇರ್ ವರ್ಕ್‌ಸ್ಟೇಷನ್ ಪ್ರೋ ಮೊದ್ಲು ದುಡ್ಡು ಕೊಟ್ಟು ತಗೋಬೇಕಿತ್ತು, 2023ರಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನ ಕೊಂಡ್ಕೊಂಡ ಮೇಲೆ 2024ರ ಮೇ ತಿಂಗಳಲ್ಲಿ ಮನೆ ಬಳಕೆಗೆ ಫ್ರೀ ಆಯ್ತು, ನವೆಂಬರ್‌ನಿಂದ ವ್ಯಾಪಾರಕ್ಕೂ ಫ್ರೀ. ಸ್ಕ್ರೀನ್ ನುಣ್ಣಗೆ ಓಡ್ತದೆ, ತ್ರೀಡಿ ಬೇಕಿರೋರು ಕಣ್ಮುಚ್ಚಿ ಇದನ್ನೇ ಹಾಕ್ಕೊಳ್ರಿ. ಡೌನ್‌ಲೋಡ್‌ಗೆ ಮಾತ್ರ ಅಕೌಂಟ್ ಮಾಡ್ಬೇಕು, ಲಗ್ನಪತ್ರಿಕೆ ತೆಗೆಯೋಕೆ ಇಷ್ಟೆಲ್ಲಾ ಯಾಕೆ ಅನ್ನಿಸ್ತು.

ವರ್ಚುವಲ್‌ಬಾಕ್ಸ್ ಆರಕಲ್ ಕಂಪನಿದು. ಅಕೌಂಟ್ ಗಿಕೌಂಟ್ ಇಲ್ಲ, ಇಳಿಸ್ಕೊಂಡು ಹಾಕೋದೇ. ಎಕ್ಸ್‌ಪಿ ಅಂತ ಆರಿಸಿದ್ರೆ ಡಿಸ್ಕನ್ನ ತಾನಾಗೇ ಐಡಿಇಗೆ (ಹಳೇ ಬಗೆಯ ಡಿಸ್ಕ್ ಜೋಡಣೆ) ಜೋಡಿಸ್ತದೆ, ಎಕ್ಸ್‌ಪಿಗೆ ಹೊಸ ಬಗೆಯ ಸಾಟಾ ಜೋಡಣೆಯ ಡ್ರೈವರ್ ಹುಡ್ಕೋ ಗೋಳಿಲ್ಲ. ಒಂದು ಜಿಬಿ ರ‍್ಯಾಮು, ಇಪ್ಪತ್ತು ಜಿಬಿ ಡಿಸ್ಕ್ ಕೊಟ್ರೆ ಧಾರಾಳ ಆಯ್ತು. ಎಕ್ಸ್‌ಪಿ ಸಿಡಿ ಮತ್ತೆ ಕೀ ನಿಮ್ದೇ ಇರ್ಬೇಕು ಅಷ್ಟೇ. ಮೊದ್ಲು ಸ್ಕ್ರೀನ್ ಅಂಗೈಯಗಲ ಕಾಣ್ತದೆ, ಮೌಸ್ ಒಳಗೆ ಸಿಕ್ಕಾಕ್ಕೊಂಡು ಹೊರಗೆ ಬರಲ್ಲ, ಆಗ ಬಲಗಡೆ ಕಂಟ್ರೋಲ್ ಕೀ ಒತ್ರಿ ಬಿಡ್ತದೆ. ಆಮೇಲೆ ಡಿವೈಸಸ್ ಮೆನುವಿಂದ ಗೆಸ್ಟ್ ಅಡಿಷನ್ಸ್ (ಒಳಗಿನ ಎಕ್ಸ್‌ಪಿಗೆ ಬೇಕಾದ ಡ್ರೈವರ್‌ಗಳ ಕಟ್ಟು) ಹಾಕಿ ರೀಸ್ಟಾರ್ಟ್ ಮಾಡಿದ್ರೆ ಎರಡೂ ಸರಿ, ಒಳಗೂ ಹೊರಗೂ ಕಾಣೋ ಶೇರ್ಡ್ ಫೋಲ್ಡರೂ ಕೆಲಸ ಮಾಡ್ತದೆ. ಮಾವಂಗೆ ಇಷ್ಟ ಆಗಿದ್ದು ಇದೇ, ಒಳಗೆ ಪೇಜ್‌ಮೇಕರಲ್ಲಿ ಹೆಸರು ತಾರೀಕು ತಿದ್ದಿ ಪಿಡಿಎಫ್ ಮಾಡಿ ಆ ಫೋಲ್ಡರಿಗೆ ಹಾಕಿದ್ರೆ ಹೊರಗಿಂದ ಪ್ರಿಂಟ್ ಕೊಡ್ಬಹುದು, ಎಕ್ಸ್‌ಪಿಗೆ ಹೊಸ ಪ್ರಿಂಟರ್ ಕಲಿಸೋ ಕೆಲಸಾನೇ ಇಲ್ಲ.

ಎಲ್ಲಾ ಆದ್ಮೇಲೆ ಒಂದು ಸ್ನ್ಯಾಪ್‌ಶಾಟ್ (ಮಷೀನ್ ಈಗಿರೋ ಸ್ಥಿತಿಯ ನಕಲು) ತಗೊಂಡ್ಬಿಡ್ರಿ, ಫಾಂಟ್ ಫೋಲ್ಡರ್ ಯಾರಾದ್ರೂ ಕೆಡಿಸಿದ್ರೆ ಒಂದೇ ಕ್ಲಿಕ್ಕಲ್ಲಿ ವಾಪಸ್. ಸುಮ್ಸುಮ್ನೆ ಹತ್ತಾರು ತಗೋಬೇಡಿ, ಡಿಸ್ಕ್ ತುಂಬ್ತದೆ, ಮಷೀನಿನ ಡಿಸ್ಕ್ ಇರೋ ವಿಡಿಐ ಫೈಲು ಬೆಳೆಯುತ್ತೆ ಹೊರತು ತಾನಾಗೇ ಕುಗ್ಗಲ್ಲ.

ಓಡ್ವಾಗ ಕೆಳಗಡೆ ಹಸಿರು ಆಮೆ ಚಿತ್ರ ಕಂಡ್ರೆ ಹುಷಾರು. ತಮಾಷೆಗೆ ಇಟ್ಟಿದ್ದಲ್ಲ ಅದು, ವಿಂಡೋಸಿನ ಹೈಪರ್‌ವೈಸರ್ (ವರ್ಚುವಲ್ ಮಷೀನ್ ಓಡಿಸೋ ಅದರದ್ದೇ ಭಾಗ) ಹಿಂದೆ ಓಡ್ತಿದೆ, ವರ್ಚುವಲ್‌ಬಾಕ್ಸ್ ಅದರ ಮೇಲೆ ಕುಂಟ್ತಿದೆ ಅಂತ. ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸೋದು) ಇಲ್ಲಾ ಮೆಮೊರಿ ಇಂಟೆಗ್ರಿಟಿ (ವಿಂಡೋಸಿನ ಒಂದು ಭದ್ರತಾ ಸೆಟ್ಟಿಂಗ್) ಆನ್ ಇದ್ರೂ ಹಿಂಗಾಗ್ತದೆ. ಮಷೀನ್ ಶುರುನೇ ಆಗ್ಲಿಲ್ಲ ಅಂದ್ರೆ ಟಾಸ್ಕ್ ಮ್ಯಾನೇಜರಲ್ಲಿ ಸಿಪಿಯು ಕೆಳಗೆ ವರ್ಚುವಲೈಸೇಷನ್ ಅಂತ ಇರ್ತದೆ ನೋಡ್ರಿ, ಡಿಸೇಬಲ್ಡ್ ಅಂದ್ರೆ ಬಯಾಸ್‌ಗೆ (ವಿಂಡೋಸ್ ಶುರುವಾಗೋ ಮೊದ್ಲಿನ ಸೆಟ್ಟಿಂಗ್) ಹೋಗಿ ಆನ್ ಮಾಡ್ಬೇಕು, ಎಎಂಡಿ ಬೋರ್ಡಲ್ಲಿ ಅದಕ್ಕೆ ಎಸ್‌ವಿಎಂ ಅಂತಿರ್ತದೆ.

ಅಂಗಡಿಗೆ ಹಾಕೋರು ವರ್ಚುವಲ್‌ಬಾಕ್ಸಿನ ಎಕ್ಸ್‌ಟೆನ್ಷನ್ ಪ್ಯಾಕ್ (ಬೇರೆಯಾಗಿ ಸಿಗೋ ಹೆಚ್ಚುವರಿ ಭಾಗ) ತಂಟೆಗೆ ಹೋಗ್ಬೇಡಿ, ಅದು ಸ್ವಂತ ಬಳಕೆಗೆ, ಓದೋರಿಗೆ ಮಾತ್ರ ಫ್ರೀ, ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಮೂಲ ಪ್ಯಾಕೇಜ್ ಜಿಪಿಎಲ್ ಅನ್ನೋ ಮುಕ್ತ ಲೈಸೆನ್ಸಿಂದು, ಎಲ್ಲಾದಕ್ಕೂ ನಡೀತದೆ, ಯುಎಸ್‌ಬಿ 3ನೂ ವರ್ಷನ್ 7.0ರಿಂದ ಅದರೊಳಗೇ ಬಂದೈತಿ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಪೋರ್ಟ್ ನಿಂತಿದ್ದು 2014ರ ಏಪ್ರಿಲಲ್ಲಿ, ಹಂಗಾಗಿ ಆ ಮಷೀನಿನ ಸೆಟ್ಟಿಂಗ್ಸಲ್ಲಿ ನೆಟ್‌ವರ್ಕ್ ಅಡಾಪ್ಟರ್ ಟಿಕ್ ತೆಗೆದುಬಿಡಿ, ಪತ್ರಿಕೆ ತಿದ್ದೋಕೆ ಇಂಟರ್ನೆಟ್ ಯಾಕ್ ಬೇಕು. ಲಿನಕ್ಸ್ ಇರೋರು ಇದೇನೂ ಹಾಕೋದು ಬೇಡ, ಲಿನಕ್ಸಿನ ತಿರುಳಾದ ಕರ್ನಲಲ್ಲೇ ವರ್ಚುವಲ್ ಮಷೀನ್ ಓಡಿಸೋ ಕೆವಿಎಂ ಇರ್ತದೆ, ಮೇಲೆ ಅದನ್ನ ನಡೆಸೋ ವರ್ಟ್-ಮ್ಯಾನೇಜರ್ ಹಾಕ್ಕೊಂಡ್ರೆ ಸಾಕು.